ಯೂನಿಟ್ಟು ಇಳಿಯದ ಮನೆ

ನನ್ನ ಮಾವ ವರ್ಷಕ್ಕೊಂದು ಸಲ ಮನೆಯನ್ನು ವಿಚಾರಿಸಿಕೊಳ್ಳುತ್ತಿದ್ದರು. ಬೇರೆ ಮನೆಗಳಲ್ಲಿ ವರ್ಷದ ಲೆಕ್ಕ ಅಂದರೆ ಗಂಡ ಹೆಂಡತಿ ಮೇಜಿನ ಮೇಲೆ ರಸೀದಿ ಹರಡಿಕೊಂಡು ಕೂತು, ಅರ್ಧಕ್ಕೇ ಜಗಳವಾಡಿ ಎದ್ದು ಹೋಗುವುದು. ನಮ್ಮಲ್ಲಿ ಯಾರೂ ಕೂರುವ ಹಾಗೇ ಇರಲಿಲ್ಲ. ವರ್ಷದ ಕೊನೆಯ ಭಾನುವಾರ ಮಾವ ತಿಂಡಿ ಮುಗಿಸಿ, ವರಾಂಡದ ಮೊಳೆಗೆ ನೇತು ಹಾಕಿದ್ದ ಟಾರ್ಚು ತೆಗೆದು, ಹಾಡಹಗಲಲ್ಲೇ ಅದನ್ನು ಹೊತ್ತಿಸಿಕೊಂಡು ಮನೆ ಸುತ್ತಲು ಹೊರಡುವರು. ಒಂದೊಂದು ವಸ್ತುವಿನ ಮುಂದೆಯೂ ನಿಂತು, ಅದರ ಮುಖಕ್ಕೆ ಬೆಳಕು ಬಿಟ್ಟು ಕೇಳುವರು: “ಏನಮ್ಮಾ, ಈ ವರ್ಷ ಎಷ್ಟು ತಿಂದೆ? ತಿಂದಿದ್ದಕ್ಕೆ ಏನು ದುಡಿದೆ?”

ವಸ್ತು ಮಾತಾಡುವುದಿಲ್ಲವಲ್ಲ, ಹಾಗಾಗಿ ಯಾರ ಕೈ ಅದರ ಮೇಲೆ ಹೆಚ್ಚು ಓಡಾಡುತ್ತದೋ ಅವರು ಅದರ ಪರವಾಗಿ ಉತ್ತರ ಹೇಳಬೇಕು. ಅದೂ ‘ನಾನು’ ಅಂತಲೇ ಹೇಳಬೇಕು. ಮದುವೆಯಾಗಿ ಬಂದ ಮೊದಲ ವರ್ಷ ನನಗೆ ನಗು ತಡೆಯಲಾಗಿರಲಿಲ್ಲ. ಅತ್ತೆ ತಮ್ಮ ಹೊಲಿಗೆ ಯಂತ್ರದ ಪಕ್ಕ ನಿಂತು, ಸೆರಗು ಸರಿ ಮಾಡಿಕೊಂಡು, “ನಾನು ಎರಡು ಸೂಜಿ ಮುರಿದೆ, ಒಂದು ಬೆಲ್ಟು ತಿಂದೆ. ಹಿಂದಿನ ಬೀದಿಯವರ ದಿಂಬಿನ ಚೀಲ ಅಷ್ಟೂ ಹೊಲಿದುಕೊಟ್ಟೆ. ಈ ಮನೇಲಿ ನಂಗೆ ಎಣ್ಣೆ ಮಾತ್ರ ಯಾರೂ ಬಿಡಲ್ಲ,” ಅಂದರು.

“ಎಣ್ಣೆ ಬಿಡೋಣ. ದೂರು ಬೇಡ,” ಅಂತ ಮಾವ ಮುಂದಕ್ಕೆ ನಡೆದರು.

ಫ್ರಿಜ್ಜಿನ ಪರವಾಗಿ ನಾನು ಹೇಳಬೇಕಾಯಿತು. ನಾನು ಈ ಮನೆಗೆ ಬಂದ ವಾರವೇ ಅದೂ ಬಂದಿದ್ದರಿಂದ ಮಾವ ಅದನ್ನು ನನ್ನ ವಾರಗಿತ್ತಿ ಅನ್ನುತ್ತಿದ್ದರು. “ನಿನ್ನ ವಾರಗಿತ್ತಿ ಬಾಯಿ ಸರಿಯಾಗಿ ಮುಚ್ಚಲ್ಲ ಕಣಮ್ಮ. ಬಾಯಿ ಬಿಟ್ಟುಕೊಂಡೇ ತಿಂತಾಳೆ. ಸ್ವಲ್ಪ ಬುದ್ಧಿ ಹೇಳು.” ಹೋಗಿ ನೋಡಿದರೆ ಬಾಗಿಲ ರಬ್ಬರು ಸಡಿಲವಾಗಿತ್ತು. ಅವತ್ತೇ ಹೊಸದು ಹಾಕಿಸಿದರು.

ಉತ್ತರಗಳನ್ನೆಲ್ಲ ಸಾಮಾನು ಕೋಣೆಯ ಬಾಗಿಲ ಒಳಮೈ ಮೇಲೆ ಪೆನ್ಸಿಲಿನಲ್ಲಿ ಬರೆಯುವರು. ಬೇರೆ ಮನೆಗಳಲ್ಲಿ ಮಕ್ಕಳ ಎತ್ತರ ಗುರುತು ಮಾಡುತ್ತಾರಲ್ಲ, ಅಂಥ ಜಾಗ. ವರ್ಷಕ್ಕೊಂದು ಸಾಲು. ದುಡ್ಡಿನ ಅಂಕಿ ಒಂದೂ ಇಲ್ಲ. ಕರೆಂಟು ಎಷ್ಟು ಯೂನಿಟ್ಟು, ಗ್ಯಾಸು ಎಷ್ಟು ಸಿಲಿಂಡರು, ಟೀ ಪುಡಿ ಎಷ್ಟು ಪೊಟ್ಟಣ, ಸೋಪು ಎಷ್ಟು, ಅಕ್ಕಿ ಎಷ್ಟು ಚೀಲ. ದುಡ್ಡು ಯಾಕೆ ಬರೆಯಲ್ಲ ಅಂತ ಕೇಳಿದ್ದಕ್ಕೆ, “ದುಡ್ಡು ವರ್ಷಾ ವರ್ಷಾ ವೇಷ ಹಾಕುತ್ತೆ. ಮೂರು ಪೊಟ್ಟಣ ಅಂದ್ರೆ ಯಾವ ಕಾಲಕ್ಕೂ ಮೂರು ಪೊಟ್ಟಣ,” ಅಂದಿದ್ದರು.

ಅದು ಅವರಿಗೆ ಕೆಲಸದಿಂದ ಬಂದ ಅಭ್ಯಾಸ. ಮೂವತ್ತು ಚಿಲ್ಲರೆ ವರ್ಷ ಮನೆಮನೆಗೆ ಹೋಗಿ ಕರೆಂಟು ಮೀಟರ್ ಓದಿದವರು. ಬೀದಿಯ ಮಕ್ಕಳಿಗೆಲ್ಲ ಅವರು ಮೀಟರ್ ತಾತ, ಅಂಗಡಿಯವರಿಗೆ ಮೀಟರಣ್ಣ. ಮೆಟ್ಟಿಲ ಕೆಳಗೆ, ಶೌಚಾಲಯದ ಪಕ್ಕ, ಜೇಡ ಕಟ್ಟಿದ ಮೂಲೆಯಲ್ಲಿ ಬಗ್ಗಿ ಬಗ್ಗಿ ಬೆನ್ನು ಸ್ವಲ್ಪ ಬಾಗಿಯೇ ನಿಂತುಬಿಟ್ಟಿತ್ತು. ನಾಯಿಗಳಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಮಧ್ಯಾಹ್ನದ ನಿದ್ದೆ ಕೆಡಿಸುವುದರಿಂದ ಮನೆಯ ಹೆಂಗಸರಿಗೂ ಆಗುತ್ತಿರಲಿಲ್ಲ. ಆದರೂ ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾರ ಮನೆಯಲ್ಲಿ ಹೊಸ ಮಗು, ಯಾರು ಹಾಸಿಗೆ ಹಿಡಿದಿದ್ದಾರೆ ಎಲ್ಲ ಅವರಿಗೆ ಮೀಟರಿನ ಅಂಕಿಯಲ್ಲೇ ಗೊತ್ತಾಗುತ್ತಿತ್ತು. ಮನೆಗೆ ಬಂದು ಒಂದು ಮಾತೂ ಆಡುತ್ತಿರಲಿಲ್ಲ. ಅತ್ತೆಗೆ ಅದೇ ಸಿಟ್ಟು. “ಊರಿನ ಸುದ್ದಿಯೆಲ್ಲ ಹೊಟ್ಟೇಲಿಟ್ಟುಕೊಂಡು ಬರ್ತಾರೆ, ಬಾಯಿ ಬಿಡಿಸಿದರೆ ಊಟ ಹಾಕು ಅಂತಾರೆ.”

ಕರೆಂಟಿನ ವಿಷಯಕ್ಕೆ ಮಾತ್ರ ಬಾಯಿ ತಾನಾಗಿ ಬಿಚ್ಚುತ್ತಿತ್ತು. ಖಾಲಿ ಕೋಣೆಯಲ್ಲಿ ದೀಪ ಕಂಡರೆ, “ಯಾರಪ್ಪನ ಮನೆ ದೀಪ ಅದು?” ಅಂತ ಕೂಗುವರು.

ಅಡುಗೆಮನೆಯಿಂದ ಅತ್ತೆ, “ನಿಮ್ಮಪ್ಪನ ಮನೇದೇ. ಆರಿಸಿ,” ಅನ್ನುವರು.

ನಾನು ಬಸುರಿಯಾಗಿದ್ದಾಗ ಒಂದು ಸಂಜೆ, ಕರೆಂಟು ಹೋಗಿತ್ತು, ವರಾಂಡದಲ್ಲಿ ಇಬ್ಬರೇ ಕೂತಿದ್ದಾಗ ಮಾವ ಒಂದು ಮನೆಯ ಕತೆ ಹೇಳಿದರು. ಗಂಡ ಹೆಂಡತಿ ಇಬ್ಬರೇ ಇದ್ದ ಮನೆ. ಹೆಂಡತಿ ತೀರಿಕೊಂಡರು. ಹಾಗಾದಾಗ ಒಂದೆರಡು ತಿಂಗಳಲ್ಲಿ ಯೂನಿಟ್ಟು ಇಳಿಯುತ್ತದಂತೆ, ಅದನ್ನು ನೋಡಿಯೇ ಮಾವ ಅಂಥ ಮನೆಯವರ ಹತ್ತಿರ ಮಾತು ಕಮ್ಮಿ ಮಾಡುತ್ತಿದ್ದರಂತೆ. ಆ ಮನೆಯಲ್ಲಿ ಮಾತ್ರ ಇಳಿಯಲೇ ಇಲ್ಲ. ಮತ್ತೆ ಹೋದರು, ಅಷ್ಟೇ. ಇನ್ನೊಮ್ಮೆ ಹೋದರು, ಅಷ್ಟೇ. ಏನೋ ಕಳ್ಳ ತಂತಿ ಇರಬೇಕು, ನೋಡಿಕೊಂಡು ಬಾ ಅಂತ ಕಚೇರಿಯಲ್ಲಿ ಹೇಳಿ ಕಳಿಸಿದರು.

“ನೋಡಿದ್ರಾ ಮಾವ?”

“ನೋಡಿದೆ. ಅಡುಗೆಮನೆ ದೀಪ ಉರೀತಿತ್ತು, ರೇಡಿಯೋ ಹಾಡ್ತಿತ್ತು, ಯಾರೂ ಇರಲಿಲ್ಲ. ಆ ಮನುಷ್ಯ ಹೊರಗೆ ಕಟ್ಟೆ ಮೇಲೆ ಕೂತಿದ್ದ. ‘ಅವಳು ಒಳಗೆ ಕೆಲಸ ಮಾಡ್ತಿದ್ದಾಳೆ’ ಅನ್ನೋ ಥರ ಕೂತಿದ್ದ. ಎಲ್ಲ ಸರಿ ಇದೆ ಅಂತ ಬರೆದು ಬಂದೆ.” ಆಮೇಲೆ ಅಂದರು, “ಹೋದವರು ಕೆಲವು ಮನೇಲಿ ತಕ್ಷಣ ಹೊರಡಲ್ಲ ಕಣಮ್ಮ. ಅಂಥ ಮನೆ ಬಾಗಿಲು ಮೆಲ್ಲಗೆ ತಟ್ಟಬೇಕು.”

ಕರೆಂಟು ಬಂತು. ಅವರು ಎದ್ದು ಹೋಗಿ, ಮೊದಲು ಯಾವ ದೀಪ ಬೇಡವೋ ಅದನ್ನು ಆರಿಸಿದರು.

ಹೋದ ವರ್ಷದ ಆರಂಭದಲ್ಲಿ, ಲೆಕ್ಕ ಮುಗಿಸಿದ ಎರಡನೇ ವಾರ ಮಾವ ಹೋದರು. ದಿನಾ ಮಾಡುವ ಹಾಗೆ ನಸುಕಿನಲ್ಲೇ ಎದ್ದು, ಗೀಸರ್ ಹಾಕಿಕೊಂಡು ಸ್ನಾನ ಮಾಡಿ, ಅತ್ತೆ ಕೊಟ್ಟ ಟೀ ಲೋಟ ಕೈಯಲ್ಲಿ ಹಿಡಿದು ವರಾಂಡದ ಕುರ್ಚಿಯಲ್ಲಿ ಕೂತರು. ಲೋಟ ಹಾಗೇ ಇತ್ತು. ಒಂದು ಹನಿಯೂ ಚೆಲ್ಲಿರಲಿಲ್ಲ.

ಆಮೇಲಿನ ದಿನಗಳಲ್ಲಿ ಅತ್ತೆ ಹಾಸಿಗೆ ಬಿಟ್ಟು ಏಳಲಿಲ್ಲ. ಕಾಯಿಲೆ ಏನೂ ಇಲ್ಲ. ಹೊತ್ತು ನೆತ್ತಿಗೆ ಬಂದರೂ ಗೋಡೆ ಕಡೆ ತಿರುಗಿ ಮಲಗಿರುವರು. “ಬೆಳಗಾಯ್ತು ಅತ್ತೆ,” ಅಂದರೆ, “ಆಗಿಲ್ಲ ಬಿಡೇ,” ಅನ್ನುವರು. ತುತ್ತು ಬಾಯಿಗೆ ಇಟ್ಟರೆ ತಿನ್ನುವರು, ಇಡದಿದ್ದರೆ ಇಲ್ಲ. ನಮಗೆ ನಿಜವಾಗಿ ಹೆದರಿಕೆಯಾಗಿತ್ತು. ಹಾಗೇ ಒಂದು ದಿನ ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಅವರು ಅಡುಗೆಮನೆಯಲ್ಲಿ ಟೀಗೆ ನೀರಿಟ್ಟುಕೊಂಡು ನಿಂತಿದ್ದರು. ಅಬ್ಬಾ, ಸುಧಾರಿಸಿಕೊಂಡರು ಅಂದುಕೊಂಡೆ. ಯಾಕೆ, ಹೇಗೆ ಅಂತ ಕೆದಕಲಿಲ್ಲ. ಚಿಕ್ಕ ಮಗು ಇರುವ ಮನೆಯಲ್ಲಿ ಅಂಥದ್ದಕ್ಕೆಲ್ಲ ಪುರಸೊತ್ತು ಎಲ್ಲಿ.

ಮಗು ಅಂದರೆ ನಮ್ಮ ಪುಟ್ಟಿ. ಹುಟ್ಟಿದಾಗಿನಿಂದ ಅವಳಿಗೆ ಎರಡು ಕಿವಿಯೂ ಮಂದ. ಬಲಗಿವಿಗೆ ಆಸ್ಪತ್ರೆಯಿಂದಲೇ ಒಂದು ಯಂತ್ರ ಸಿಕ್ಕಿತ್ತು. ಅದು ಬಂದ ದಿನ ಚಮಚ ಬಿದ್ದ ಸದ್ದಿಗೆ ಅವಳು ಅತ್ತಿದ್ದು ನೋಡಿ ನಾವೆಲ್ಲ ಕುಣಿದಿದ್ದೆವು. ಎಡಗಿವಿಯದ್ದು ನಾವೇ ಕೊಳ್ಳಬೇಕು. ಯಂತ್ರದ ಅಂಗಡಿಯ ಅಮ್ಮ ಬಿಡಿಸಿ ಹೇಳಿದ್ದರು: “ಒಂದೇ ಕಿವಿಯಲ್ಲಿ ಸದ್ದು ಕೇಳುತ್ತೆ ಕಣ್ರೀ. ಎಲ್ಲಿಂದ ಬಂತು ಅನ್ನೋದು ಗೊತ್ತಾಗಲ್ಲ. ದಿಕ್ಕು ಗೊತ್ತಾಗಬೇಕು ಅಂದ್ರೆ ಎರಡೂ ಬೇಕು. ಶಾಲೆಗೆ ಹಾಕೋಕೆ ಮುಂಚೆ ಮಾಡಿಸಿಬಿಡಿ.” ಅವರು ಹೇಳುವುದೇ ಬೇಡ, ನಾನು ದಿನಾ ನೋಡುತ್ತಿದ್ದೆ. ಹಿಂದಿನಿಂದ ಕರೆದರೆ ಪುಟ್ಟಿ ಬುಗುರಿ ಹಾಗೆ ನಿಂತಲ್ಲೇ ಸುತ್ತುತ್ತಾಳೆ. ಒಮ್ಮೆ ಬೀದಿಯಲ್ಲಿ ಲಾರಿ ಹಾರ್ನು ಹೊಡೆದಾಗ ಕೈ ಬಿಡಿಸಿಕೊಂಡು ಲಾರಿಯ ಕಡೆಗೇ ಓಡಿದಳು. ನಾನು ಅವಳ ಜಡೆ ಹಿಡಿದು ಎಳೆದೆ. ಆ ಮಧ್ಯಾಹ್ನವೇ ಮತ್ತೆ ಅಂಗಡಿಗೆ ಹೋದೆ.

ಕಂತಿನಲ್ಲಿ ಕೊಡುತ್ತೇವೆ ಅಂದರು ಅಂಗಡಿಯ ಅಮ್ಮ. ಹೊಸ ವರ್ಷದ ಮೊದಲ ತಿಂಗಳಿಂದ ಶುರು ಮಾಡುತ್ತೇವೆ ಅಂತ ನಾನು ಒಪ್ಪಿ ಬಂದೆ. ಯಾವ ಧೈರ್ಯದ ಮೇಲೆ ಅಂದರೆ, ನನ್ನ ತಲೆಯಲ್ಲಿ ಒಂದು ಲೆಕ್ಕ ಇತ್ತು. ಮಾವನ ಪಿಂಚಣಿ ಅವರ ನಂತರ ಅತ್ತೆಗೆ ಅರ್ಧ ಬರುತ್ತಿತ್ತು. ಅರ್ಧ ಹೋಯಿತು, ಸರಿ. ಆದರೆ ಒಂದು ಆಳಿನ ಊಟ, ಸ್ನಾನ, ದೀಪ, ಟೀ ಎಲ್ಲ ಕಮ್ಮಿಯಾಗಿರುತ್ತದಲ್ಲ? ಬರೆಯುವುದಕ್ಕೆ ಕಷ್ಟ, ಆದರೆ ಹಾಗೇ ಯೋಚಿಸಿದ್ದೆ. ನಮ್ಮ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್, ಇವರ ಸಂಬಳ ಮನೆ ಬಾಡಿಗೆಗೂ ಬದುಕಿಗೂ ಸರಿಹೋಗುತ್ತಿತ್ತು. ಮಾವ ತಿನ್ನುತ್ತಿದ್ದಷ್ಟು ಉಳಿದರೆ ಅದು ಪುಟ್ಟಿಯ ಎಡಗಿವಿ.

ತಿಂಗಳು ತಿಂಗಳು ಏನೂ ಉಳಿಯಲಿಲ್ಲ. ಬೆಲೆ ಏರಿದೆ, ಅದಕ್ಕೇ ಅಂದುಕೊಂಡು ದೂಡಿದೆ.

ಆ ವರ್ಷದ ಕೊನೆಯ ಭಾನುವಾರ ಬಂತು. ತಿಂಡಿ ಆದ ಮೇಲೆ ಯಾರೂ ತಟ್ಟೆ ಬಿಟ್ಟು ಏಳಲಿಲ್ಲ. ಇವರು ಹಲ್ಲಿನಲ್ಲಿ ಏನೋ ಸಿಕ್ಕಿಕೊಂಡವರ ಹಾಗೆ ನಾಲಿಗೆ ಆಡಿಸುತ್ತಾ ಕೂತಿದ್ದರು.

“ಈ ವರ್ಷ ಬಿಟ್ಟುಬಿಡೋಣ,” ಅಂದರು.

“ಬಿಟ್ಟರೆ ಕಂತು ಎಲ್ಲಿಂದ ಕಟ್ಟೋದು ಅಂತ ಹೇಗೆ ಗೊತ್ತಾಗುತ್ತೆ ರೀ?”

ಅತ್ತೆ ನನ್ನ ಮುಖ ನೋಡಿದರು. “ಟಾರ್ಚು ನೀನೇ ಹಿಡ್ಕೋ. ಇವನ ಕೈಲಾಗಲ್ಲ.”

ಮೊಳೆಯಿಂದ ಟಾರ್ಚು ತೆಗೆದೆ. ವರ್ಷವಿಡೀ ಯಾರೂ ಮುಟ್ಟದ್ದು, ಶೆಲ್ಲು ಸೋರಿ ತುಕ್ಕು ಹಿಡಿದಿರುತ್ತದೆ ಅಂದುಕೊಂಡೇ ಗುಂಡಿ ಒತ್ತಿದೆ. ಎದುರು ಗೋಡೆಯ ಮೇಲೆ ಬೆಳ್ಳಗೆ, ದುಂಡಗೆ ಬೆಳಕು ಬಿತ್ತು.

“ಹೊಸ ಶೆಲ್ಲು ಯಾರು ಹಾಕಿದ್ದು?”

ಇವರು ತಲೆ ಅಲ್ಲಾಡಿಸಿದರು. ಅತ್ತೆ, “ನಾನ್ಯಾಕೆ ಹಾಕಲಿ, ನಂಗೆ ಅದರ ಮುಚ್ಚಳ ತಿರುಗಿಸೋಕೂ ಬರಲ್ಲ,” ಅಂದರು. ಪುಟ್ಟಿ ಗೋಡೆ ಮೇಲಿನ ಬೆಳಕನ್ನು ಹಿಡಿಯಲು ಹೋದಳು. ನಾವು ಹೊರಟೆವು.

ಹೊಲಿಗೆ ಯಂತ್ರ ಆಯಿತು. ಅತ್ತೆ ಹೆಚ್ಚು ಮಾತಾಡಲಿಲ್ಲ, “ನಾನು ಈ ವರ್ಷ ಅಷ್ಟು ಓಡಲಿಲ್ಲ,” ಅಂದರು ಅಷ್ಟೇ. ನನ್ನ ವಾರಗಿತ್ತಿ ಆಯಿತು. ಫ್ಯಾನು, ಇಸ್ತ್ರಿಪೆಟ್ಟಿಗೆ ಎಲ್ಲ ಆಯಿತು. ಕರೆಂಟಿನ ಬಿಲ್ಲುಗಳನ್ನು ಕೂಡಿದೆ, ಸಿಲಿಂಡರ್ ರಸೀದಿ ಎಣಿಸಿದೆ, ಟೀ ಪುಡಿ, ಸೋಪು ಎಲ್ಲ ಕಿರಾಣಿ ಚೀಟಿಯಿಂದ ತೆಗೆದೆ. ಸಾಮಾನು ಕೋಣೆಯ ಬಾಗಿಲು ತೆರೆದು, ಮಾವನ ಕೊನೆಯ ಸಾಲಿನ ಪಕ್ಕ ನನ್ನ ಸಾಲು ಬರೆದೆ. ಅವರ ಅಕ್ಷರ ಪಕ್ಕ ನನ್ನದು ಗುಂಡಗೆ, ಚಿಕ್ಕ ಮಕ್ಕಳದ್ದರ ಹಾಗೆ ಕಂಡಿತು. ಬರೆದು ಹಿಂದಕ್ಕೆ ಸರಿದು ನೋಡಿದೆ.

ಅಕ್ಕಿಯೂ ಸೋಪೂ ಕಮ್ಮಿಯಾಗಿದ್ದವು. ಮಿಕ್ಕಿದ್ದು ಯಾವುದೂ ಆಗಿರಲಿಲ್ಲ. ಕರೆಂಟು ಹೋದ ವರ್ಷದಷ್ಟೇ. ಗ್ಯಾಸು ಅಷ್ಟೇ. ಟೀ ಪುಡಿ ಅಷ್ಟೇ. ಮಾವ ಇದ್ದಾಗ ಎಷ್ಟೋ, ಅಷ್ಟೇ. ದುಡ್ಡು ನೋಡಿದ್ದರೆ ಬೆಲೆ ಏರಿತು ಅಂದುಕೊಂಡು ಸುಮ್ಮನಾಗುತ್ತಿದ್ದೆ. ಅವರ ಲೆಕ್ಕದಲ್ಲಿ ಹಾಗೆ ಸುಮ್ಮನಾಗಲು ಜಾಗ ಇರಲಿಲ್ಲ.

ಅಂಕಿಗಳನ್ನು ಮತ್ತೊಮ್ಮೆ ಕೂಡಿದೆ. ಆ ಕಟ್ಟೆಯ ಮೇಲೆ ಕೂತಿದ್ದ ಮನುಷ್ಯನ ನೆನಪು ಬಂತು.

“ಏನು ಬಂತು?” ಅಂದರು ಅತ್ತೆ.

“ಇಳಿದೇ ಇಲ್ಲ ಅತ್ತೆ.”

ಅವರು ಆಶ್ಚರ್ಯ ಪಡಲಿಲ್ಲ. “ಇಳಿಯಲ್ಲ. ನಿಂಗೆ ಬೆಳಿಗ್ಗೆ ಸ್ನಾನದ ಮನೆ ಸದ್ದು ಕೇಳಿಸಲ್ವೇನೇ?”

ನನಗೆ ಕೇಳಿಸುತ್ತಿತ್ತು. ಇವರದು ಮೊದಲ ಪಾಳಿ, ನಸುಕಿನಲ್ಲೇ ಎದ್ದು ಡಿಪೋಗೆ ಹೋಗುತ್ತಾರೆ. ಗ್ರೀಸು ಮೆತ್ತಿಕೊಂಡು ಬಂದ ಮೇಲೆ ಸಂಜೆಯೇ ಇವರ ಸ್ನಾನ. ಹಾಗಾದರೆ ಆ ಹೊತ್ತಿನಲ್ಲಿ ನೀರಿನ ಸದ್ದು ಯಾಕೆ? ಮುಖ ತೊಳೆಯುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಆದರೆ ಮುಖ ತೊಳೆಯುವ ಸದ್ದಲ್ಲ ಅದು. ಚೊಂಬಿನಲ್ಲಿ ತಲೆಯ ಮೇಲೆ ಸುರಿದುಕೊಳ್ಳುವ ಸದ್ದು. ಬೇಗ ಬೇಗ ಮೂರು ಚೊಂಬು, ಸೋಪು ಹಚ್ಚುವಷ್ಟು ಹೊತ್ತು ನಿಶ್ಶಬ್ದ, ಆಮೇಲೆ ನಿಧಾನಕ್ಕೆ ಮತ್ತೆ. ಮಾವ ಸ್ನಾನ ಮಾಡುತ್ತಿದ್ದುದೇ ಹಾಗೆ. ನಾನು ಕಣ್ಣು ತೆರೆಯದೆ ಮಲಗಿರುತ್ತಿದ್ದೆ. ಕೇಳಿದರೆ ಏನಾದರೂ ಉತ್ತರ ಬಂದುಬಿಡುತ್ತದಲ್ಲ. ಪಕ್ಕದಲ್ಲಿ ಪುಟ್ಟಿ ಎದ್ದಿರುವಳು. ಮಲಗುವಾಗ ಅವಳ ಕಿವಿಯ ಯಂತ್ರ ತೆಗೆದಿಡುತ್ತೇವೆ, ಅವಳಿಗೆ ಏನೂ ಕೇಳಿಸದು. ಆದರೂ ಸ್ನಾನದ ಮನೆಗೂ ನಮ್ಮ ಕೋಣೆಗೂ ನಡುವಿನ ಗೋಡೆಗೆ, ಒಳಗೆ ಪೈಪು ಹಾದುಹೋಗುವ ಕಡೆ, ಅಂಗೈ ಒತ್ತಿ ಹಿಡಿದು ಕೂತಿರುವಳು. ನೀರು ನಿಂತ ಮೇಲೆ ಕೈ ತೆಗೆದು ನನ್ನ ಕಡೆ ತಿರುಗಿ, “ತಾತ,” ಅನ್ನುವಳು.

“ನಿಮ್ಮ ಮಾವ ಎಲ್ಲೂ ಹೋಗಿಲ್ಲ,” ಅಂದರು ಅತ್ತೆ. ಅಂದವರು ಯಾಕೋ ಮಗನ ಕಡೆ ನೋಡಿದರು.

ಇವರು ಬಾಗಿಲ ಮೇಲಿನ ಅಂಕಿಗಳನ್ನೇ ನೋಡುತ್ತಿದ್ದರು. ಇನ್ನು ಎರಡು ಮೂರು ವಸ್ತು ಬಾಕಿ ಇದ್ದವು. ನನಗೆ ಹೆದರಿಕೆಯಾದಾಗ ಕೈಗೆ ಕೆಲಸ ಬೇಕು, ಇಲ್ಲದಿದ್ದರೆ ಅಳು ಬರುತ್ತದೆ. ಟಾರ್ಚು ಹಿಡಿದುಕೊಂಡು ಸ್ನಾನದ ಮನೆಗೆ ಹೋದೆ. ಗೀಸರಿನ ಮೇಲೆ ಬೆಳಕು ಬಿಟ್ಟೆ. ಹಿಂದೆ ಅತ್ತೆ, ಅವರ ಹಿಂದೆ ಇವರು ಬಂದು ನಿಂತರು.

“ಏನಪ್ಪಾ, ಈ ವರ್ಷ ಎಷ್ಟು ತಿಂದೆ?”

ನಲ್ಲಿಯಿಂದ ಬಕೀಟಿಗೆ ಒಂದು ಹನಿ ಬಿತ್ತು. ಅದರ ಮೇಲೆ ಯಾರ ಕೈ ಹೆಚ್ಚು ಓಡಾಡುತ್ತದೋ ಅವರು ಹೇಳಬೇಕು. ಗೀಸರಿನ ಪರವಾಗಿ ಯಾವಾಗಲೂ ಹೇಳುತ್ತಿದ್ದವರು ಮಾವ. ಮನೆಯಲ್ಲಿ ಮೊದಲ ಸ್ನಾನ ಅವರದು.

“ನಾನು,” ಅಂದರು ಇವರು ನನ್ನ ಹಿಂದಿನಿಂದ. ದನಿ ಎಷ್ಟು ಒರಟಾಗಿತ್ತೆಂದರೆ ನಾನು ತಿರುಗಿ ನೋಡಲಿಲ್ಲ. “ನಾನು ದಿನಾ ಒಂದು ಬಕೀಟು ಬಿಸಿನೀರು ಕಾಯಿಸಿದೆ. ಯಾರ ಮೈ ಮೇಲೂ ಬೀಳಲಿಲ್ಲ. ಸುಮ್ಮನೆ ನೆಲಕ್ಕೆ ಹುಯ್ದೆ.”

“ರೀ…”

“ಅಮ್ಮ ಏಳ್ತಾನೇ ಇರಲಿಲ್ಲ ಕಣೇ. ನೀನು ನೋಡಿದ್ದೀಯಲ್ಲ. ಒಂದಿನ ಬೆಳಿಗ್ಗೆ ಬಚ್ಚಲು ತೊಳೆಯೋಣ ಅಂತ ಎರಡು ಚೊಂಬು ನೀರು ಸುರಿದೆ. ಆ ಸದ್ದಿಗೆ ಎದ್ದು ಬಂದಳು. ಟೀಗೆ ನೀರಿಟ್ಟಳು. ಮಾರನೇ ದಿನ ಸುರೀಲಿಲ್ಲ, ಏಳಲಿಲ್ಲ. ಮತ್ತೆ ಸುರಿದೆ, ಅಪ್ಪನ ಥರಾನೇ ಇರಲಿ ಅಂತ ಗೀಸರೂ ಹಾಕಿಕೊಂಡು. ಆಮೇಲೆ ಹೇಗೆ ನಿಲ್ಲಿಸೋದು?”

ಅತ್ತೆ ಬಾಗಿಲ ಚೌಕಟ್ಟಿಗೆ ಒರಗಿದರು. ಅಳುತ್ತಾರೆ ಅಂದುಕೊಂಡೆ. ಅವರು ಮಗನ ಭುಜಕ್ಕೆ ಒಂದು ಏಟು ಹಾಕಿದರು.

“ದಡ್ಡ ಮುಂಡೇದೇ. ನೀನೇ ಅಂತ ನಂಗೆ ಆವತ್ತೇ ಗೊತ್ತಿತ್ತು. ನಿಮ್ಮಪ್ಪ ಮೂರನೇ ಚೊಂಬು ಹುಯ್ಕೊಂಡ ಮೇಲೆ ಕೆಮ್ಮೋರು. ನಿಂಗೆ ಕೆಮ್ಮೋಕೆ ಬರಲ್ಲ.”

“ಗೊತ್ತಿದ್ದರೆ ಯಾಕಮ್ಮ ಎದ್ದು ಬರ್ತಿದ್ದೆ? ಯಾಕೆ ಹೇಳಲಿಲ್ಲ?”

“ನಿಂಗೆ ಅಪ್ಪ ಬೇಕಾಗಿದ್ದಾರೆ ಅಂದ್ಕೊಂಡೆ. ನೀನು ನೀರು ಸುರಿದು ಮುಗಿಸೋ ಹೊತ್ತಿಗೆ ನಾನು ಎದ್ದಿಲ್ಲ ಅಂದ್ರೆ, ಹುಡುಗ ಯಾರಿಗೆ ಅಂತ ಸುರೀಬೇಕು?”

ಅತ್ತೆ ನನ್ನ ಕೈಯಿಂದ ಟಾರ್ಚು ಕಿತ್ತುಕೊಂಡು ಅಡುಗೆಮನೆಗೆ ನಡೆದರು. ಟೀ ಪುಡಿ ಡಬ್ಬಿಯ ಮೇಲೆ ಬೆಳಕು ಬಿಟ್ಟು, ತಾವೇ ಕೇಳಿ ತಾವೇ ಉತ್ತರ ಹೇಳಿದರು. “ನಾನು ದಿನಾ ಬೆಳಿಗ್ಗೆ ಒಂದು ಲೋಟ ಹೆಚ್ಚಿಗೆ ಮಾಡಿದೆ. ವರಾಂಡದ ಕುರ್ಚಿ ಪಕ್ಕ ಇಟ್ಟು ಬಂದೆ. ಆರಿದ ಮೇಲೆ ಗಿಡಕ್ಕೆ ಹಾಕಿದೆ.” ಗ್ಯಾಸ್ ಒಲೆಗೂ ಬೆಳಕು ತೋರಿಸಿದರು. “ಇವಳೂ ಅದರಲ್ಲಿ ಸೇರಿಕೊಂಡಿದ್ದಳು. ಸಂಜೇನೂ ಒಂದು ಲೋಟ.”

ವರಾಂಡದ ಕುಂಡದಲ್ಲಿದ್ದ ಗಿಡ ಯಾಕೆ ಸತ್ತಿತು ಅಂತ ಅವತ್ತು ನನಗೆ ತಿಳಿಯಿತು. ಹಾಲು, ಸಕ್ಕರೆ ಹಾಕಿದ ಟೀ ಕುಡಿದು ಯಾವ ಗಿಡ ಬದುಕುತ್ತದೆ. ನಗು ಬಂತು, ನಗಲಿಲ್ಲ.

ನನಗೆ ಒಳಗೊಳಗೆ ಸಿಟ್ಟೂ ಬರುತ್ತಿತ್ತು. ಪುಟ್ಟಿಯ ಕಿವಿಯ ದುಡ್ಡನ್ನು ಒಬ್ಬರು ಬಚ್ಚಲಿಗೆ, ಒಬ್ಬರು ಕುಂಡಕ್ಕೆ ಸುರಿದಿದ್ದಾರೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ವರಾಂಡಕ್ಕೆ ಹೋಗಿ ಅಲ್ಲಿನ ಬಲ್ಬಿನ ಮೇಲೆ ಬೆಳಕು ಬಿಟ್ಟಿದ್ದರು.

“ಇದು ಯಾರು?”

ಮಾವ ಇದ್ದಾಗ ಸಂಜೆ ಊಟಕ್ಕೆ ಮುಂಚೆ ಬೀದಿ ಸುತ್ತಿ ಬರುತ್ತಿದ್ದರು. ಅವರು ಬರುವವರೆಗೆ ಮಾತ್ರ ವರಾಂಡದ ದೀಪ. ಬಂದವರೇ ಆರಿಸಿ ಒಳಗೆ ಬರುವರು. ದೀಪ ಹಾಕುತ್ತಿದ್ದವಳು ನಾನು. ಅವರು ಹೋದ ಮೇಲೂ ಕತ್ತಲಾಗುತ್ತಿದ್ದ ಹಾಗೆ ನನ್ನ ಕೈ ಸ್ವಿಚ್ಚಿಗೆ ಹೋಗುತ್ತಿತ್ತು. ಆರಿಸುವವರು ಇರಲಿಲ್ಲ. ಬೆಳಿಗ್ಗೆ ಇವರು ಡಿಪೋಗೆ ಹೋಗುವಾಗ ಆರಿಸುತ್ತಿದ್ದರು. ಒಂದು ದಿನವೂ ‘ಯಾಕೆ ರಾತ್ರಿಯೆಲ್ಲ ಉರೀತಿತ್ತು’ ಅಂತ ಕೇಳಲಿಲ್ಲ.

“ನಾನು,” ಅಂದೆ. “ನಾನು ರಾತ್ರಿಯೆಲ್ಲ ಉರಿದೆ.”

ಮೂವರೂ ವರಾಂಡದಲ್ಲಿ ನಿಂತಿದ್ದೆವು. ಒಬ್ಬರಿಗೊಬ್ಬರು ಹೇಳದೆ, ಮೂವರೂ ಸೇರಿ ಒಂದು ಪೂರ್ತಿ ಮನುಷ್ಯನನ್ನು ವರ್ಷವಿಡೀ ಸಾಕಿದ್ದೆವು. ಅವರಿಗೆ ಸ್ನಾನ ಮಾಡಿಸಿ, ಟೀ ಕೊಟ್ಟು, ಸಂಜೆ ಬರುವ ದಾರಿಗೆ ದೀಪ ಹಚ್ಚಿ. ಅವರಿಗೆ ಗೊತ್ತಾಗಿದ್ದರೆ ಎಷ್ಟು ಬೈಯುತ್ತಿದ್ದರು.

ಪುಟ್ಟಿ ಅಡುಗೆಮನೆಯ ಕಡೆಯಿಂದ “ಅಮ್ಮ” ಅಂದಳು. ನಾನು “ಇಲ್ಲಿದ್ದೀನಿ” ಅಂದೆ. ಅವಳು ನಡುಮನೆಗೆ ಬಂದು, ಮಂಚದ ಕೋಣೆ ಕಡೆ ನೋಡಿ, ಸ್ನಾನದ ಮನೆ ಕಡೆ ನೋಡಿ, ಒಂದು ಸುತ್ತು ಸುತ್ತಿ ನಿಂತಳು. ಬಾಗಿಲು ತೆರೆದೇ ಇತ್ತು, ನಾವು ಮೂವರೂ ನಾಲ್ಕೇ ಹೆಜ್ಜೆ ದೂರದಲ್ಲಿದ್ದೆವು. ಅವಳು ನಮ್ಮ ಕಡೆ ಬಿಟ್ಟು ಬೇರೆಲ್ಲ ಕಡೆ ಹುಡುಕಿದಳು.

ಅತ್ತೆ ಟಾರ್ಚು ಆರಿಸಿದರು.

“ಕಂತು ಯಾವತ್ತಿಂದ ಅಂದೆ?”

“ಬರೋ ತಿಂಗಳಿಂದ.”

“ನಿಮ್ಮ ಮಾವನ ಪಾಲು ನಿಲ್ಲಿಸಿದರೆ ಆಗುತ್ತಾ?”

“ಆಗುತ್ತೆ ಅತ್ತೆ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ. ಆದರೆ…” ನೀವು ಮತ್ತೆ ಗೋಡೆ ಕಡೆ ತಿರುಗಿ ಮಲಗಿದರೆ ಅಂತ ಹೇಳಲು ಬಾಯಿ ಬರಲಿಲ್ಲ.

ಇವರು ಹೇಳಿದರು. “ಬೆಳಿಗ್ಗೆ ಸದ್ದು ನಿಂತರೆ ನೀನು ಏಳಲ್ಲ ಕಣಮ್ಮ. ಬೇರೆ ಏನಾದರೂ ಕಡಿಮೆ ಮಾಡೋಣ. ನಾನು ಮಧ್ಯಾಹ್ನ ಡಿಪೋದಲ್ಲಿ ಊಟ ಬಿಡ್ತೀನಿ.”

“ನೀನು ಊಟ ಬಿಟ್ಟು ಬಸ್ಸಿನ ಕೆಳಗೆ ಮಲಗು, ಚೆನ್ನಾಗಿರುತ್ತೆ.” ಅತ್ತೆ ಕುರ್ಚಿಯಲ್ಲಿ ಕೂತರು. ಮಾವನ ಕುರ್ಚಿ ಅದು. ಆ ವರ್ಷವೆಲ್ಲ ಅದರಲ್ಲಿ ಯಾರೂ ಕೂತಿರಲಿಲ್ಲ. ಪುಟ್ಟಿಯನ್ನು ಎಳೆದು ಮಡಿಲಿಗೆ ಹಾಕಿಕೊಂಡು, ಅವಳ ಎಡಗಿವಿಯನ್ನು ಬೆರಳಲ್ಲಿ ಸವರಿದರು.

“ನಾನು ಯಾವಾಗ ಸ್ನಾನ ಮಾಡ್ತೀನಿ?” ಅಂದರು ಕೊನೆಗೆ.

“ಎಲ್ಲರದೂ ಆದ ಮೇಲೆ. ಹನ್ನೊಂದರ ಹೊತ್ತಿಗೆ.”

“ಆಗ ಇನ್ನೊಂದು ಸಲ ಗೀಸರ್ ಹಾಕ್ತೀಯ. ನಾಳೆಯಿಂದ ನಸುಕಿನಲ್ಲಿ, ಅವರ ಹೊತ್ತಿಗೆ ನಾನೇ ಸ್ನಾನ ಮಾಡ್ತೀನಿ. ಮದುವೆಯಾದಾಗಿನಿಂದ ಎಲ್ಲರದೂ ಆದ ಮೇಲೇ ಮಿಂದೋಳು ನಾನು. ಒಂದಿಷ್ಟು ದಿನ ಮೊದಲ ಬಿಸಿನೀರು ನಂಗೂ ಸಿಗಲಿ. ಸದ್ದೂ ಇರುತ್ತೆ, ಒಂದು ಬಕೀಟೂ ಉಳಿಯುತ್ತೆ. ಅವರ ಟೀ ನಾನು ಬಿಸಿ ಇದ್ದಾಗಲೇ ಕುಡೀತೀನಿ, ನನಗೆ ಅಂತ ಬೇರೆ ಬೇಡ.” ಬಲ್ಬಿನ ಕಡೆ ಕಣ್ಣೆತ್ತಿ, “ಅದು ನಿಂದು, ನೀನೇ ನೋಡ್ಕೋ,” ಅಂದರು.

ಮಾರನೇ ದಿನ ನಸುಕಿನಲ್ಲಿ ಇವರು ಎದ್ದು, ಹಾಸಿಗೆಯ ತುದಿಯಲ್ಲಿ ಕೂತರು. ಹೋಗಲೂ ಇಲ್ಲ, ಮಲಗಲೂ ಇಲ್ಲ. ನಾನೂ ಎದ್ದು ಕೂತೆ. ಅತ್ತೆಯ ಕೋಣೆಯಲ್ಲಿ ಅಲುಗಾಟವಿಲ್ಲ. ಇವರು ನನ್ನ ಮುಖ ನೋಡಿದರು. ಇನ್ನೇನು ಎದ್ದೇಬಿಡುತ್ತಾರೆ ಅನ್ನುವಾಗ ಮಂಚ ಕಿರ್ ಅಂದಿತು. ಚಪ್ಪಲಿ ಎಳೆಯುವ ಸದ್ದು. ಸ್ನಾನದ ಮನೆಯ ಬಾಗಿಲು. ಸ್ವಲ್ಪ ಹೊತ್ತಿಗೆ ನೀರು. ಬೇಗ ಬೇಗ ಮೂರು ಚೊಂಬು, ಆಮೇಲೆ ನಿಶ್ಶಬ್ದ. ಅತ್ತೆ ಹಾಗೆ ಸ್ನಾನ ಮಾಡುವವರಲ್ಲ, ಯಾವಾಗಲೂ ಒಂದೇ ಸಮನೆ ನಿಧಾನವಾಗಿ ಹುಯ್ದುಕೊಳ್ಳುವರು. ಆ ನಿಶ್ಶಬ್ದದಲ್ಲಿ ಒಂದು ಕೆಮ್ಮು ಕೇಳಿಸಿತು.

“ಅಮ್ಮ,” ಅಂದರು ಇವರು ಮೆಲ್ಲಗೆ. “ಅಮ್ಮ ಕೆಮ್ಮಿದ್ದು.”

“ಹೂಂ,” ಅಂದೆ.

ಆ ಬಗ್ಗೆ ಅತ್ತೆಯನ್ನು ನಾವು ಕೇಳಲಿಲ್ಲ.

ಮೂರು ಕಂತು ಕಟ್ಟಿದ ಮೇಲೆ ಅಂಗಡಿಯ ಅಮ್ಮ ಯಂತ್ರ ಕೊಟ್ಟರು. ಮನೆಯಲ್ಲಿ ಒಂದು ವಾರ ಎಲ್ಲರೂ ಪುಟ್ಟಿಯನ್ನು ಎಲ್ಲ ಕಡೆಯಿಂದ ಕರೆದದ್ದೇ ಕರೆದದ್ದು. ಬಾಗಿಲ ಹಿಂದಿನಿಂದ, ಮಂಚದ ಕೆಳಗಿನಿಂದ. ಇವರಂತೂ ಮೇಜಿನ ಮೇಲೆ ಹತ್ತಿ ಕರೆದು ಅತ್ತೆಯಿಂದ ಬೈಸಿಕೊಂಡರು. ಪುಟ್ಟಿ ಒಂದು ಸಲವೂ ತಪ್ಪಲಿಲ್ಲ. ಬುಗುರಿ ತಿರುಗುವುದು ನಿಂತಿತು. ಕರೆದ ಕಡೆಗೆ ನೆಟ್ಟಗೆ ತಿರುಗಿ, ನೋಡಿ, ನಗುತ್ತಾಳೆ.

ಈಗ ಬೆಳಿಗ್ಗೆ ಅವಳು ಎದ್ದ ತಕ್ಷಣ ಎರಡೂ ಕಿವಿಗೆ ಹಾಕಿಬಿಡುತ್ತೇನೆ. ನಿನ್ನೆ ನಾನು ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದೆ. ಇವರು ಡಿಪೋಗೆ ಹೋಗಿಯಾಗಿತ್ತು. ಪುಟ್ಟಿ ನನ್ನ ಕಾಲ ಬಳಿ ಡಬ್ಬಿಯ ಮುಚ್ಚಳ ಹಿಡಿದು ಕೂತಿದ್ದಳು. ಸ್ನಾನದ ಮನೆಯಲ್ಲಿ ನೀರು ಸುರಿಯಿತು. ಅವಳು ಆ ಕಡೆ ತಿರುಗಿ, “ಅಜ್ಜಿ,” ಅಂದಳು. ಹೌದು ಪುಟ್ಟಿ, ಅಜ್ಜಿ ಅಂದೆ. ಗೋಡೆಗೆ ಅಂಗೈ ಒತ್ತುವುದನ್ನು ಅವಳು ಬಿಟ್ಟಿದ್ದಾಳೆ.

ನೀರು ನಿಂತಿತು. ಮನೆಯಲ್ಲಿ ಒಂದು ಸದ್ದೂ ಇರಲಿಲ್ಲ. ಪುಟ್ಟಿ ಮುಚ್ಚಳ ಕೆಳಗಿಟ್ಟಳು. ವರಾಂಡದ ಕಡೆ ತಿರುಗಿದಳು. ಸುತ್ತಲಿಲ್ಲ, ಹುಡುಕಲಿಲ್ಲ. ಟಾರ್ಚು ನೇತು ಹಾಕಿರುವ ಮೊಳೆ, ಕುರ್ಚಿ ಇರುವ ಕಡೆಗೇ ನೆಟ್ಟಗೆ ತಿರುಗಿ, ನೋಡಿ, ನಕ್ಕಳು.

ನನಗೆ ಏನೂ ಕೇಳಿಸಿರಲಿಲ್ಲ. ಸೋಸಣಿಗೆ ಕೆಳಗಿಟ್ಟು, ವರಾಂಡದ ಬಾಗಿಲ ಹತ್ತಿರ ಹೋದೆ. ಚಿಲಕಕ್ಕೆ ಕೈ ಹಾಕಿದವಳು ಹಾಗೇ ನಿಂತೆ. ಆಮೇಲೆ ಬೆರಳ ಗೆಣ್ಣಿನಿಂದ ಬಾಗಿಲನ್ನು ಮೆಲ್ಲಗೆ ತಟ್ಟಿದೆ.